ಮೂರೂವರೆ ಸಾವಿರಕ್ಕೆ ನಾನು ಮಾರಿದ್ದೇನು? ಕಾರ್ಟೂನ್ ಚಿತ್ರ, ಕಾಪಿರೈಟ್ ಮತ್ತು ರೇಟಿನ ಲೆಕ್ಕ

ಇವತ್ತಿನ ವಿಷಯ ನೀವೇ ಕೇಳಿದ್ದು. "ಇನ್‌ಸ್ಟಾಗ್ರಾಮ್‌ನಲ್ಲಿ ಕಾರ್ಟೂನ್ ಹಾಕ್ತಿದ್ದೆ, ಈಗ ಆರ್ಡರ್ ಬರೋಕೆ ಶುರುವಾಗಿದೆ. ಎಷ್ಟು ಕೇಳಬೇಕು? ದುಡ್ಡು ತಗೊಂಡ ಮೇಲೆ ಚಿತ್ರ ಯಾರದ್ದು?" ಈ ಪಾಠ ನನಗೆ ಸಿಕ್ಕಿದ್ದು ಒಂದು ಪಾರ್ಸೆಲ್ ಡಬ್ಬಿಯಿಂದ. ಆ ಕಥೆಯಿಂದಲೇ ಶುರು ಮಾಡ್ತೀನಿ.

ಆಗಷ್ಟೇ ಡಿಗ್ರಿ ಮುಗಿದಿತ್ತು. ಬೆಂಗಳೂರಿನ ಒಂದು ದರ್ಶಿನಿಯ ಮಾಲೀಕರು ನನ್ನ ಚಿತ್ರಗಳನ್ನ ಎಲ್ಲೋ ನೋಡಿ ಫೋನ್ ಮಾಡಿದರು. "ಗೋಡೆ ಮೇಲೆ ಹಾಕೋಕೆ ಒಂದು ಒಳ್ಳೇ ಕಾರ್ಟೂನ್ ಬರೆದುಕೊಡಮ್ಮಾ." ನಾನು ಒಬ್ಬ ಅಜ್ಜನ್ನ ಬರೆದೆ. ಪಂಚೆ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಉದ್ದಿನವಡೆ, ಮುಖದಲ್ಲಿ ಜಗತ್ತಿನ ಚಿಂತೆಯೇ ಇಲ್ಲ. ಮೂಲೆಯಲ್ಲಿ ನನ್ನ ಸಹಿ. 3,500 ರೂಪಾಯಿ ಯುಪಿಐನಲ್ಲಿ ಬಂತು. ಆ ಸ್ಕ್ರೀನ್‌ಶಾಟ್ ಅಮ್ಮನಿಗೂ ಕಳಿಸಿದ್ದೆ, ಖುಷಿಗೆ.

ಎರಡು ವರ್ಷ ಕಳೀತು. ಒಂದು ಭಾನುವಾರ ಗೆಳತಿ ಮನೇಲಿ ತಿಂಡಿ ತರಿಸಿದೆವು. ಡಬ್ಬಿ ಮೇಲೆ ನನ್ನ ಅಜ್ಜ! ಆಮೇಲೆ ಹುಡುಕುತ್ತಾ ಹೋದರೆ ಆ ಹೋಟೆಲಿಗೆ ಈಗ ನಾಲ್ಕು ಶಾಖೆ. ಬೋರ್ಡಿನಲ್ಲಿ, ಕೈಚೀಲದಲ್ಲಿ, ಹುಡುಗರ ಟೀ ಶರ್ಟಿನಲ್ಲಿ, ಆಟೋ ಹಿಂದಿನ ಜಾಹೀರಾತಿನಲ್ಲಿ ಎಲ್ಲಾ ಕಡೆ ಅಜ್ಜ. ಒಂದು ಶಾಖೆಯಲ್ಲಂತೂ ಕೈಯಿಂದ ವಡೆ ತೆಗೆದು ಪಿಜ್ಜಾ ಕೊಟ್ಟಿದ್ದರು. ಸಹಿ ಎಲ್ಲೂ ಇಲ್ಲ, ಅಳಿಸಿದ್ದಾರೆ.

ನನ್ನ ಜೊತೆ ಓದಿದ ಒಬ್ಬಳು ವಕೀಲೆ ಇದ್ದಾಳೆ. ಅವಳ ಹತ್ರ ಓಡಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಲೇ, ಅವರಿಗೆ ಏನಂತ ಬರ್ಕೊಟ್ಟಿದ್ದೆ?" ವಾಟ್ಸ್ಆ್ಯಪ್ ತೆಗೆದು ತೋರಿಸಿದೆ. "ಚಿತ್ರ ಕಳಿಸಿದ್ದೀನಿ ಸಾರ್, ನೋಡಿ" ಅಂತ ನಾನು. ಅದಕ್ಕೆ ಅವರಿಂದ ಒಂದು ಹೆಬ್ಬೆರಳಿನ ಎಮೋಜಿ. ಅಷ್ಟೇ. "ಅಂದ್ರೆ ನಿಮ್ಮಿಬ್ಬರ ಅಗ್ರಿಮೆಂಟು ಒಂದು ಹೆಬ್ಬೆಟ್ಟು" ಅಂತ ನಕ್ಕಳು.

ಆ ದಿನ ಅವಳು ಹೇಳಿಕೊಟ್ಟಿದ್ದು, ಆಮೇಲೆ ನಾನೇ ಓದಿ ತಿಳಿದಿದ್ದು, ಎರಡನ್ನೂ ಸೇರಿಸಿ ಹೇಳ್ತೀನಿ.

ಚಿತ್ರ ಬೇರೆ, ಚಿತ್ರದ ಹಕ್ಕು ಬೇರೆ

ನೀವು ಅವೆನ್ಯೂ ರೋಡಲ್ಲಿ ಒಂದು ಕಾದಂಬರಿ ಕೊಂಡ್ಕೊಂಡ್ರಿ ಅಂತಿಟ್ಟುಕೊಳ್ಳಿ. ಅದನ್ನ ಓದಬಹುದು, ಗೆಳೆಯರಿಗೆ ಕೊಡಬಹುದು, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರಬಹುದು. ಸಾವಿರ ಪ್ರತಿ ಅಚ್ಚು ಹಾಕಿಸೋಕಾಗುತ್ತಾ? ಆಗಲ್ಲ. ಪುಸ್ತಕ ನಿಮ್ಮದು, ಅಚ್ಚು ಹಾಕಿಸೋ ಹಕ್ಕು ನಿಮ್ಮದಲ್ಲ. ಚಿತ್ರಕ್ಕೂ ಇದೇ ನಿಯಮ. ಪ್ರತಿ ಮಾಡೋದು, ಜನರಿಗೆ ತಲುಪಿಸೋದು, ಸಿನಿಮಾದಲ್ಲಿ ಸೇರಿಸೋದು, ಬೇರೆ ರೂಪಕ್ಕೆ ತರೋದು, ಇವೆಲ್ಲ ಕಾಪಿರೈಟ್ ಇರೋರ ಕೈಯಲ್ಲಿರುವ ಹಕ್ಕುಗಳು.

ನಮ್ಮ ದೇಶದಲ್ಲಿ ಇದಕ್ಕಿರೋದು 1957ರ ಕೃತಿಸ್ವಾಮ್ಯ ಕಾಯ್ದೆ. ಚಿತ್ರ ಕಾಗದದ ಮೇಲೋ ಟ್ಯಾಬ್ಲೆಟ್‌ನಲ್ಲೋ ಮೂಡಿದ ಕೂಡಲೇ ಕಾಪಿರೈಟ್ ಹುಟ್ಟುತ್ತೆ. ಅರ್ಜಿ ಬೇಡ, ಆ ಪುಟ್ಟ ಸಿ ಗುರುತು ಹಾಕಲೇಬೇಕು ಅಂತಲೂ ಇಲ್ಲ. ಚಿತ್ರ ಚೆನ್ನಾಗಿರಬೇಕು ಅಂತಲೂ ಕಾಯ್ದೆ ಕೇಳಲ್ಲ, ನಿಮ್ಮ ಸ್ವಂತದ್ದಾಗಿದ್ದರೆ ಸಾಕು.

ಅವಧಿ ಎಷ್ಟು? ಬರೆದವರು ಬದುಕಿರೋವರೆಗೆ, ಆಮೇಲೆ ಇನ್ನೂ 60 ವರ್ಷ. ಮೈಸೂರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ತೀರಿಕೊಂಡಿದ್ದು 2015ರ ಜನವರಿಯಲ್ಲಿ. ಅವರ ಚಿತ್ರಗಳ ಹಕ್ಕು ಇವತ್ತು ಯಾರ ಕೈಯಲ್ಲೇ ಇರಲಿ, 2075ರ ಕೊನೆಯವರೆಗೂ ಇರುತ್ತೆ. ಅಂದ್ರೆ ನೀವು 22ನೇ ವಯಸ್ಸಲ್ಲಿ ಯೋಚಿಸದೆ ಬಿಟ್ಟುಕೊಡೋ ಹಕ್ಕು ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಬೆಲೆ ಬಾಳುವಂಥದ್ದು.

ಮೊದಲ ಮಾಲೀಕರು ಯಾರು?

ಇಲ್ಲೇ ತುಂಬಾ ಜನ ಎಡವೋದು. "ಬರೆದವರೇ ಮಾಲೀಕರು" ಅಂತ ಕೆಲವರು ಕಣ್ಣು ಮುಚ್ಚಿ ಹೇಳ್ತಾರೆ. "ದುಡ್ಡು ಕೊಟ್ಟವರೇ ಮಾಲೀಕರು" ಅಂತ ಇನ್ನು ಕೆಲವರು. ಕಾಯ್ದೆಯ 17ನೇ ಸೆಕ್ಷನ್ ನೋಡಿದರೆ ಎರಡೂ ಪೂರ್ತಿ ಸರಿಯಲ್ಲ.

ಮೂಲ ನಿಯಮ: ಬರೆದವರೇ ಮೊದಲ ಮಾಲೀಕರು. ನೀವು ಫ್ರೀಲ್ಯಾನ್ಸರ್ ಆಗಿ ಒಂದು ರೇಖಾಚಿತ್ರ ಬರೆದುಕೊಟ್ಟು ಹಕ್ಕಿನ ಬಗ್ಗೆ ಏನೂ ಮಾತಾಡಿಲ್ಲ ಅಂದ್ರೆ ಕಾಪಿರೈಟ್ ನಿಮ್ಮ ಹತ್ರಾನೇ ಉಳಿಯುತ್ತೆ. ಯಾವ ಕೆಲಸಕ್ಕೆ ಅಂತ ಹೇಳಿ ಬರೆಸಿದ್ರೋ ಆ ಕೆಲಸಕ್ಕೆ ಬಳಸೋ ಅನುಮತಿ ಕೊಂಡವರಿಗೆ ಸಿಕ್ಕಿರುತ್ತೆ.

ಮೊದಲ ವಿನಾಯಿತಿ ಸಂಬಳದ ಕೆಲಸ. ಕಂಪನಿಯಲ್ಲಿ ಇಲಸ್ಟ್ರೇಟರ್ ಆಗಿ ನೌಕರಿ ಮಾಡ್ತಿದ್ದು, ಆ ಕೆಲಸದ ಭಾಗವಾಗಿ ಬರೆದಿದ್ದರೆ ಹಕ್ಕು ಕಂಪನಿಯದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಪತ್ರಿಕೆಗಳ ನೌಕರರಿಗೆ ಸ್ವಲ್ಪ ಬೇರೆ ಲೆಕ್ಕ: ಪತ್ರಿಕೆಯಲ್ಲಿ ಪ್ರಕಟಿಸೋ ಮಟ್ಟಿಗೆ ಹಕ್ಕು ಮಾಲೀಕರದ್ದು, ಉಳಿದದ್ದು ಬರೆದವರದ್ದು.

ಇದಕ್ಕೆ ಪಕ್ಕದ ಕೇರಳದಲ್ಲಿ ಒಂದು ಪ್ರಸಿದ್ಧ ಕೇಸಿದೆ. ಟೋಮ್ಸ್ ಅಂತಲೇ ಹೆಸರಾದ ವಿ.ಟಿ. ಥಾಮಸ್, ಬೋಬನ್ ಮತ್ತು ಮೋಳಿ ಅನ್ನೋ ಎರಡು ತುಂಟ ಮಕ್ಕಳನ್ನ ಸೃಷ್ಟಿಸಿದವರು. ಮಲಯಾಳ ಮನೋರಮಾದಲ್ಲಿ ದಶಕಗಳ ಕಾಲ ಅವನ್ನ ಬರೆದರು. 1987ರಲ್ಲಿ ಹೊರಬಂದು ಬೇರೆ ಕಡೆ ಬರೆಯೋಕೆ ಹೋದಾಗ ಸಂಸ್ಥೆ ಕೋರ್ಟಿಗೆ ಹೋಯಿತು. ಆ ಮಕ್ಕಳ ಪಾತ್ರಗಳು ಅವರು ಅಲ್ಲಿ ಸೇರೋದಕ್ಕೂ ಮುಂಚೆಯೇ ಹುಟ್ಟಿದ್ದವು. ನೌಕರಿಯಲ್ಲಿದ್ದಾಗ ಬರೆದ ಚಿತ್ರಗಳ ಮಾತೇ ಬೇರೆ, ಆದರೆ ಕೆಲಸ ಬಿಟ್ಟ ಮೇಲೆ ಅದೇ ಪಾತ್ರಗಳನ್ನ ಹೊಸದಾಗಿ ಬರೆಯೋದನ್ನ ತಡೆಯೋಕಾಗಲ್ಲ ಅಂತ ಕೇರಳ ಹೈಕೋರ್ಟ್ ಹೇಳಿತು. ಹಾಗಾಗಿ ನೌಕರಿಗೆ ಸೇರೋ ಮುಂಚೆ ನೀವು ಸೃಷ್ಟಿಸಿದ ಪಾತ್ರಗಳಿದ್ದರೆ, ಅವುಗಳ ಪಟ್ಟಿಯನ್ನ ಆಫರ್ ಲೆಟರ್ ಜೊತೆಗೇ ಸೇರಿಸಿ.

ಎರಡನೇ ವಿನಾಯಿತಿ ನಿಜಕ್ಕೂ ಅಪಾಯದ್ದು. ಯಾರಾದರೂ ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಪೇಂಟಿಂಗ್ ಅಥವಾ ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಮೊದಲ ಮಾಲೀಕರು ಬರೆಸಿದವರೇ! ಈಗ ಯೋಚನೆ ಮಾಡಿ. ನಮ್ಮಲ್ಲಿ ಹೊಸಬರಿಗೆ ಹೆಚ್ಚು ಬರೋ ಆರ್ಡರ್ ಯಾವುದು? ಮದುವೆ ಕಾಗದಕ್ಕೆ ಹುಡುಗ ಹುಡುಗಿಯ ಕ್ಯಾರಿಕೇಚರ್. ಅದು ಭಾವಚಿತ್ರ ಅಂತ ವಾದಿಸೋಕೆ ಒಳ್ಳೇ ಅವಕಾಶ ಇದೆ. ನೀವು ಸುಮ್ಮನಿದ್ದರೆ ಹಕ್ಕು ಆ ಜೋಡಿಗೆ ಹೋಗಬಹುದು.

ನನ್ನ ಅಜ್ಜ ಯಾರದೂ ಭಾವಚಿತ್ರ ಅಲ್ಲ. ಆದರೆ ಬಣ್ಣ ತುಂಬಿದ ಡಿಜಿಟಲ್ ಚಿತ್ರ ಪೇಂಟಿಂಗೋ ಡ್ರಾಯಿಂಗೋ? ಕಾಯ್ದೆ ಈ ಎರಡನ್ನೂ ಬೇರೆ ಬೇರೆ ಪದವಾಗಿ ಇಟ್ಟಿದೆ, 17ರ ಆ ವಿನಾಯಿತಿಯಲ್ಲಿ ಡ್ರಾಯಿಂಗ್ ಅನ್ನೋ ಪದ ಇಲ್ಲ. ಅಲ್ಲಿಗೆ ವಕೀಲರಿಗೆ ಕೆಲಸ, ನಿಮಗೆ ತಲೆನೋವು. ಈ ಜಗಳವೇ ಬೇಡ ಅಂದ್ರೆ ಒಂದು ಸಾಲು ಸಾಕು: "ಚಿತ್ರದ ಕೃತಿಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ." ಕೆಲಸ ಶುರು ಮಾಡೋ ಮುಂಚೆ ಕಳಿಸಿ, "ಒಪ್ಪಿದೆ" ಅಂತ ಉತ್ತರ ತರಿಸಿಕೊಳ್ಳಿ. ಹೆಬ್ಬೆರಳು ಸಾಲದು.

ಬಾಡಿಗೆಯೋ, ಕ್ರಯವೋ?

ಲೈಸೆನ್ಸ್, ಅಸೈನ್‌ಮೆಂಟ್ ಅಂತ ಎರಡು ಪದ ಕೇಳಿರ್ತೀರ. ಮನೆ ಲೆಕ್ಕದಲ್ಲಿ ಹೇಳ್ತೀನಿ. ಲೈಸೆನ್ಸ್ ಅಂದ್ರೆ ಬಾಡಿಗೆ. ಮನೆ ನಿಮ್ಮದೇ, ಇಷ್ಟು ದಿನ, ಇಂಥ ಉಪಯೋಗಕ್ಕೆ ಅಂತ ಬೇರೆಯವರಿಗೆ ಬಿಡ್ತೀರ. ಎಕ್ಸ್‌ಕ್ಲೂಸಿವ್ ಲೈಸೆನ್ಸ್ ಅಂದ್ರೆ ಇಡೀ ಮನೆ ಒಬ್ಬರಿಗೇ ಬಿಟ್ಟ ಹಾಗೆ. ಆ ಅವಧಿಯಲ್ಲಿ ನೀವೂ ಒಳಗೆ ಹೋಗೋ ಹಾಗಿಲ್ಲ. ಅಸೈನ್‌ಮೆಂಟ್ ಅಂದ್ರೆ ಕ್ರಯಪತ್ರ, ಹಕ್ಕನ್ನೇ ಬರೆದುಕೊಡೋದು.

ಅಸೈನ್‌ಮೆಂಟ್ ಬಾಯಿಮಾತಲ್ಲಿ ಆಗಲ್ಲ. 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿರಬೇಕು, ಕೊಡೋರ ಸಹಿ ಇರಬೇಕು. ಯಾವ ಚಿತ್ರ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ದುಡ್ಡು ಎಲ್ಲ ಬರೆದಿರಬೇಕು. ಕಾಲ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ. ಪ್ರದೇಶ ಬರೆದಿಲ್ಲ ಅಂದ್ರೆ ಭಾರತ ಮಾತ್ರ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನ ಬಳಸದೇ ಇದ್ದರೆ, ಬೇರೆ ಹೇಳಿಲ್ಲದಿದ್ದರೆ, ಅದು ಬಿದ್ದುಹೋಗುತ್ತೆ. ಲೈಸೆನ್ಸ್ ಕೂಡ ಬರಹದಲ್ಲೇ ಇರಬೇಕು.

ಪೂರ್ತಿ ಬರೆದುಕೊಟ್ಟರೂ ನಿಮ್ಮ ಹತ್ರ ಉಳಿಯೋ ಹಕ್ಕು ಒಂದಿದೆ, 57ನೇ ಸೆಕ್ಷನ್. ಇದು ನಾನು ಬರೆದಿದ್ದು ಅಂತ ಹೇಳಿಕೊಳ್ಳೋ ಹಕ್ಕು, ಗೌರವಕ್ಕೆ ಧಕ್ಕೆ ಬರೋ ಹಾಗೆ ಚಿತ್ರವನ್ನ ಕೆಡಿಸಿದರೆ ತಡೆಯೋ ಹಕ್ಕು. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಮಾಡಿದ್ದ ದೊಡ್ಡ ಭಿತ್ತಿಶಿಲ್ಪವನ್ನ ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. ಶಿಲ್ಪ ಸರ್ಕಾರದ್ದೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪಿಯ ಪರ ನಿಂತು, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಉಳಿದ ತುಂಡುಗಳನ್ನ ಅವರಿಗೇ ಹಿಂತಿರುಗಿಸಲು ಹೇಳಿತು. ಪಿಜ್ಜಾ ಹಿಡಿದ ಅಜ್ಜನಿಂದ ನನ್ನ ಗೌರವ ಹೋಯಿತು ಅಂತ ಕೋರ್ಟು ಒಪ್ಪುತ್ತೋ ಇಲ್ವೋ. ಆದರೆ ಸಹಿ ಅಳಿಸಿದ್ದನ್ನ ಕೇಳೋ ಹಕ್ಕು ನನಗಿತ್ತು.

ಕ್ರಯ ಮಾಡೋ ಮುಂಚೆ ಸೂಪರ್‌ಮ್ಯಾನ್ ಕಥೆ ನೆನಪಿರಲಿ. 1938ರಲ್ಲಿ ಅಮೆರಿಕದ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಸೂಪರ್‌ಮ್ಯಾನ್ ಹಕ್ಕನ್ನ 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಆಮೇಲೆ ದಶಕಗಳ ಕಾಲ ಕೋರ್ಟು ಅಲೆದರು. ಆ 130 ಡಾಲರ್ ಸೇರಿದ್ದ ಹಳೇ ಚೆಕ್ಕಿನ ಕಾಗದ ಇದೆಯಲ್ಲ, ಅದೊಂದೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು.

ರೇಟು ಹೇಳೋದು ಹೇಗೆ?

ನಾನು ಮೊದಲು ರೇಟು ಹೇಳ್ತಿದ್ದಿದ್ದು ಎದುರಿನವರ ದನಿ ಕೇಳಿ. ದನಿ ಜೋರಾಗಿದ್ದರೆ ಕಮ್ಮಿ, ಮೆತ್ತಗಿದ್ದರೆ ಇನ್ನೂ ಕಮ್ಮಿ. ಈಗ ಎರಡು ಭಾಗ ಮಾಡ್ತೀನಿ: ಕೈಕೆಲಸದ ದುಡ್ಡು, ಬಳಕೆಯ ದುಡ್ಡು.

ಕೈಕೆಲಸಕ್ಕೆ ಗಂಟೆ ಲೆಕ್ಕ. ತಿಂಗಳಿಗೆ ಬಾಡಿಗೆ, ಊಟ, ಇಂಟರ್‌ನೆಟ್, ಸಾಫ್ಟ್‌ವೇರ್, ಒಂದಿಷ್ಟು ಉಳಿತಾಯ ಸೇರಿ 40,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ಫೋನು, ಮೀಟಿಂಗು, ಬಿಲ್ಲಿನ ಹಿಂದೆ ಬೀಳೋದು ಎಲ್ಲ ಕಳೆದರೆ ನಿಜವಾಗಿ ಚಿತ್ರ ಬರೆಯೋಕೆ ಸಿಗೋದು 80 ಗಂಟೆ. ಅಲ್ಲಿಗೆ ಗಂಟೆಗೆ 500. ಅಜ್ಜನಿಗೆ ಕಚ್ಚಾ ಚಿತ್ರ, ತಿದ್ದುಪಡಿ ಎಲ್ಲ ಸೇರಿ 14 ಗಂಟೆ ಹಿಡಿದಿತ್ತು. 7,000 ರೂಪಾಯಿ. ನಾನು ತಗೊಂಡಿದ್ದು 3,500. ಅಂದ್ರೆ ಕೂಲಿಯಲ್ಲೇ ಅರ್ಧ ಬಿಟ್ಟಿದ್ದೆ, ಹಕ್ಕಿನ ಮಾತು ಆಮೇಲಿನದು.

ಇದರ ಮೇಲೆ ಬಳಕೆಯ ದುಡ್ಡು. ಇದಕ್ಕೆ ಸರ್ಕಾರಿ ದರಪಟ್ಟಿ ಇಲ್ಲ, ಇದು ನಾನು ಇಟ್ಟುಕೊಂಡಿರೋ ಲೆಕ್ಕ. ಒಂದೇ ಅಂಗಡಿಯ ಗೋಡೆ ಮತ್ತು ಮೆನು ಕಾರ್ಡು, ಎರಡು ವರ್ಷ ಅಂದ್ರೆ ಕೈಕೆಲಸದ ಶೇ 30, ಅಂದ್ರೆ 2,100. ಪಾರ್ಸೆಲ್ ಡಬ್ಬಿ, ಎಲ್ಲಾ ಶಾಖೆ ಸೇರಿಸಿದರೆ ಇನ್ನೊಂದು ಶೇ 100, ಅಂದ್ರೆ 7,000. ಒಟ್ಟು 16,100. ಪೂರ್ತಿ ಹಕ್ಕೇ ಬೇಕು ಅಂದ್ರೆ ಕೈಕೆಲಸದ ನಾಲ್ಕು ಪಟ್ಟು ಬಳಕೆಗೆ, 28,000, ಜೊತೆಗೆ ಕೈಕೆಲಸದ 7,000. ಒಟ್ಟು 35,000. ನಾನು ತಗೊಂಡಿದ್ದರ ಹತ್ತು ಪಟ್ಟು!

ಈ ಶೇಕಡಾ ನಿಮ್ಮ ಊರಿಗೆ, ನಿಮ್ಮ ಅನುಭವಕ್ಕೆ ತಕ್ಕಂತೆ ಬದಲಾಗಲಿ. ಹಾಸನದ ಬೇಕರಿಗೂ ದೇಶವಿಡೀ ಮಾರೋ ಬಿಸ್ಕತ್ತು ಕಂಪನಿಗೂ ಒಂದೇ ರೇಟು ಹೇಳಬೇಡಿ. ಚಿತ್ರಕ್ಕೆ ಹಿಡಿಯೋ ಗಂಟೆ ಒಂದೇ ಇರಬಹುದು, ಚಿತ್ರ ಅವರಿಗೆ ದುಡಿದುಕೊಡೋದು ಒಂದೇ ಅಲ್ಲ.

ಗಿರಾಕಿ "ಜಾಸ್ತಿ ಆಯ್ತು" ಅಂದ್ರೆ ದುಡ್ಡು ಇಳಿಸೋ ಮುಂಚೆ ಬಳಕೆ ಇಳಿಸಿ. "ಡಬ್ಬಿ ಬಿಡಿ ಸಾರ್, ಗೋಡೆಗೆ ಮಾತ್ರ ತಗೊಳ್ಳಿ, 9,100 ಆಗುತ್ತೆ" ಅನ್ನಿ. ಹೀಗೆ ಮಾತಾಡಿದರೆ ಇಬ್ಬರಿಗೂ ಮುಜುಗರ ಇಲ್ಲ.

ಒಂದು ಪುಟದ ಪತ್ರ

ಕೆಲಸ ಶುರುವಾಗೋ ಮುಂಚೆ ನಾನು ಈಗ ಒಂದು ಪುಟ ಕಳಿಸ್ತೀನಿ, ಸರಳ ಕನ್ನಡದಲ್ಲಿ. ಅದರಲ್ಲಿ ಇರೋದು ಇಷ್ಟು:

- ಏನು ಬರೆದುಕೊಡ್ತೀನಿ, ಎಷ್ಟು ಚಿತ್ರ, ಯಾವ ದಿನ.
- ಎಲ್ಲಿ ಬಳಸಬಹುದು, ಎಷ್ಟು ವರ್ಷ, ಯಾವ ಪ್ರದೇಶ. ಹೊಸ ಬಳಕೆಗೆ ಹೊಸ ದುಡ್ಡು.
- ಕೃತಿಸ್ವಾಮ್ಯ ಯಾರಲ್ಲಿ ಉಳಿಯುತ್ತೆ, ಸಹಿ ಅಥವಾ ಹೆಸರು ಎಲ್ಲಿರುತ್ತೆ.
- ಎರಡು ಸಲ ತಿದ್ದುಪಡಿ ಇದೇ ದುಡ್ಡಲ್ಲಿ, ಮೂರನೇದಕ್ಕೆ ಗಂಟೆ ಲೆಕ್ಕ.
- ಅರ್ಧ ದುಡ್ಡು ಮುಂಗಡ. ಮಧ್ಯದಲ್ಲಿ ಕೆಲಸ ನಿಲ್ಲಿಸಿದರೆ ಮುಂಗಡ ವಾಪಸ್ ಇಲ್ಲ. ಉಳಿದ ದುಡ್ಡು ಬರೋವರೆಗೆ ವಾಟರ್‌ಮಾರ್ಕ್ ಇರೋ ಚಿತ್ರ ಮಾತ್ರ.
- ಲೇಯರ್ ಇರೋ ಮೂಲ ಫೈಲ್ ಬೇಕಿದ್ದರೆ ಬೇರೆ ದುಡ್ಡು.
- ಕೇಳದೆ ಚಿತ್ರ ಬದಲಾಯಿಸಬಾರದು, ಎಐ ಟೂಲ್‌ಗಳಿಗೆ ಹಾಕಬಾರದು.

ಬಿಲ್ಲು ತಿಂಗಳುಗಟ್ಟಲೆ ಎಳೆದಾಡೋ ಕಂಪನಿಗಳ ಜೊತೆ ಕೆಲಸ ಮಾಡೋರು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ, ಉಚಿತ. ನೋಂದಾಯಿತ ಸಣ್ಣ ಉದ್ಯಮಕ್ಕೆ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ತಡವಾದರೆ ಬಡ್ಡಿ ಸಮೇತ.

ಚಿತ್ರ ಮಾಡಿಸೋ ಕಡೆಯವರು ಕೇಳ್ತಿದ್ದರೆ ನಿಮಗೂ ಒಂದು ಮಾತು. ಈ ಪತ್ರ ನಿಮ್ಮನ್ನೂ ಕಾಯುತ್ತೆ. ಲಕ್ಷ ಡಬ್ಬಿ ಅಚ್ಚಾದ ಮೇಲೆ ಚಿತ್ರದ ಹಕ್ಕು ನಿಮಗಿಲ್ಲ ಅಂತ ಗೊತ್ತಾದರೆ ನಷ್ಟ ಯಾರಿಗೆ?

ಕದ್ದರೆ ಏನು ಮಾಡೋದು?

ಕಾರುಗಳ ಹಿಂದಿನ ಗಾಜಿನ ಮೇಲೆ ಹುಬ್ಬು ಗಂಟಿಕ್ಕಿದ ಹನುಮಂತನ ಮುಖ ನೋಡಿಲ್ಲದವರು ಯಾರಿದ್ದೀರಿ? ಅದನ್ನ 2015ರಲ್ಲಿ ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. ಊರಿನ ಗೆಳೆಯರು ಧ್ವಜಕ್ಕೆ ಅಂತ ಕೇಳಿದ್ದಕ್ಕೆ ಬರೆದುಕೊಟ್ಟಿದ್ದು. ಆಮೇಲೆ ಯಾರ್ಯಾರೋ ಸ್ಟಿಕರ್ ಮಾಡಿ ದೇಶವಿಡೀ ಮಾರಿದರು. ಬರೆದವರಿಗೆ ಅದರಿಂದ ರಾಯಲ್ಟಿ ಬರಲಿಲ್ಲ ಅಂತ ಆಗಲೇ ಪತ್ರಿಕೆಗಳಲ್ಲಿ ಬಂತು. ರಸ್ತೆಬದಿಯ ಸಾವಿರ ಸ್ಟಿಕರ್ ಅಂಗಡಿಗಳ ಹಿಂದೆ ಒಬ್ಬರು ಓಡೋಕಾಗಲ್ಲ, ಕಾಯ್ದೆ ಎಷ್ಟೇ ಗಟ್ಟಿ ಇದ್ದರೂ.

ಹಾಗಾಗಿ ಪುರಾವೆಯನ್ನ ಮೊದಲೇ ಕೂಡಿಡಿ. ಕಚ್ಚಾ ಚಿತ್ರ, ತಾರೀಕಿರೋ ಮೂಲ ಫೈಲ್, ಗಿರಾಕಿ ಜೊತೆಗಿನ ಮಾತುಕತೆ ಯಾವುದನ್ನೂ ಅಳಿಸಬೇಡಿ. ದುಡಿಯೋ ಚಿತ್ರ, ಅಂದ್ರೆ ಮ್ಯಾಸ್ಕಾಟ್ ತರಹದ್ದಾದರೆ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ನೋಂದಣಿ ಮಾಡಿಸಬಹುದು. ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2,000. ಕಡ್ಡಾಯ ಅಲ್ಲ, ಆದರೆ ಜಗಳ ಬಂದಾಗ ಒಳ್ಳೇ ಸಾಕ್ಷಿ. ಆನ್‌ಲೈನ್‌ನಲ್ಲಿ ಕದ್ದಿದ್ದರೆ ಆಯಾ ಆ್ಯಪ್‌ನ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ಗೊತ್ತಿದ್ದೂ ಕದಿಯೋದು ಕ್ರಿಮಿನಲ್ ಅಪರಾಧವೂ ಹೌದು, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಂತ 63ನೇ ಸೆಕ್ಷನ್ ಹೇಳುತ್ತೆ. ಹಾಗಂತ ಮೊದಲ ಮೆಸೇಜಿನಲ್ಲೇ ಜೈಲಿನ ಮಾತು ಎತ್ತಬೇಡಿ. ಮೊದಲು ಮಾತಾಡಿ.

ಕೊನೆಗೆ ಅಜ್ಜ ಏನಾದರು?

ನಾನೂ ಮಾತಾಡೋಕೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಹೋಟೆಲು ಖಾಲಿ ಇರೋ ಹೊತ್ತು. ಮಾಲೀಕರು ಮೊದಲು ಅಂದಿದ್ದು: "ಅಲ್ಲಮ್ಮಾ, ದುಡ್ಡು ಕೊಟ್ಟೇ ತಗೊಂಡಿದ್ದೀನಲ್ಲ!" ನಾನು ಹಳೇ ಮೆಸೇಜು ತೋರಿಸಿದೆ. ಅದರಲ್ಲಿ ಅವರೇ ಬರೆದಿದ್ದರು, "ಗೋಡೆಗೆ" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಫಿ ತರಿಸಿದರು.

ಹಿಂದಿನ ಎರಡು ವರ್ಷದ್ದನ್ನ ನಾನು ಬಿಟ್ಟೆ. ಮುಂದಿನ ಎರಡು ವರ್ಷಕ್ಕೆ, ನಾಲ್ಕು ಶಾಖೆ ಮತ್ತು ಡಬ್ಬಿಗೆ, 12,000 ರೂಪಾಯಿಗೆ ಒಂದು ಪುಟದ ಲೈಸೆನ್ಸ್ ಬರೆದು ಇಬ್ಬರೂ ಸಹಿ ಹಾಕಿದೆವು. ನನ್ನ ಲೆಕ್ಕದ ರೇಟು ಬಂತಾ? ಹಿಂದಿನದ್ದೂ ಸೇರಿಸಿದರೆ ಇಲ್ಲ. ಆದರೆ ಡಬ್ಬಿಯ ಮೂಲೆಯಲ್ಲಿ ಸಹಿ ವಾಪಸ್ ಬಂತು. ಅಜ್ಜನ ಕೈಗೆ ವಡೆಯೂ ವಾಪಸ್ ಬಂತು.

ಹೊರಡುವಾಗ ಅವರು ಅಂದರು: "ಇದನ್ನ ಅವತ್ತೇ ಹೇಳಿದ್ರೆ ಅವತ್ತೇ ಕೊಡ್ತಿದ್ನಲ್ಲಮ್ಮಾ." ಕೊಡ್ತಿದ್ರೋ ಇಲ್ವೋ, ನನಗೆ ಗೊತ್ತಿಲ್ಲ. ಆದರೆ ಅವತ್ತು ನಾನು ಕೇಳಿರಲಿಲ್ಲ ಅನ್ನೋದು ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನಿಮ್ಮ ಮುಂದಿನ ಆರ್ಡರ್ ಬಂದಾಗ "ಎಷ್ಟಾಗುತ್ತೆ?" ಅನ್ನೋ ಪ್ರಶ್ನೆಗೆ ತಕ್ಷಣ ಸಂಖ್ಯೆ ಹೇಳಬೇಡಿ. "ಎಲ್ಲೆಲ್ಲಿ ಬಳಸ್ತೀರ, ಎಷ್ಟು ವರ್ಷ?" ಅಂತ ತಿರುಗಿ ಕೇಳಿ. ಉತ್ತರ ಬಂದ ಮೇಲೆ ಲೆಕ್ಕ ಹಾಕಿ, ಬರೆದು ಕಳಿಸಿ. ದೊಡ್ಡ ಮೊತ್ತದ ಕೆಲಸವಾದರೆ ಸಹಿ ಹಾಕೋ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ನಿಮಗೂ ಇಂಥ ಡಬ್ಬಿಯ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಕೇಳಿಸ್ತೀನಿ.